ಖಗೋಳ ಸಂಶೋಧಕರ ಮೊದಲ ಹತ್ತು ವರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ಖಗೋಳ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತೇನೆ, ಪಾಠವನ್ನೂ ಹೇಳುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕೆಲವು ವಿದ್ಯಾರ್ಥಿಗಳದ್ದು, ಕೆಲವು ಅವರ ಅಪ್ಪ ಅಮ್ಮಂದಿರದ್ದು, ಇನ್ನು ಕೆಲವು ಪ್ರಯಾಣದಲ್ಲಿ ಪಕ್ಕ ಕೂತವರದ್ದು. ಪಿಎಚ್‌.ಡಿಗೆ ಸೇರಿದ ದಿನದಿಂದ ಒಂದು ಕಾಯಂ ಕೆಲಸ ಸಿಗುವವರೆಗಿನ ಕಾಲದ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ಆಮೇಲಿನ ಕಷ್ಟಗಳೇ ಬೇರೆ.

ರಾತ್ರಿಯೆಲ್ಲ ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂತಿರುತ್ತೀರಾ?

ಇಲ್ಲ. ಸಂಶೋಧನೆಯ ದೊಡ್ಡ ಟೆಲಿಸ್ಕೋಪುಗಳಲ್ಲಿ ಸಾಮಾನ್ಯವಾಗಿ ಕಣ್ಣಿಡಲು ಜಾಗವೇ ಇರುವುದಿಲ್ಲ. ಅಲ್ಲಿ ಕ್ಯಾಮೆರಾ ಇರುತ್ತದೆ, ಇಲ್ಲವೇ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಸ್ಪೆಕ್ಟ್ರೋಗ್ರಾಫ್ ಇರುತ್ತದೆ. ವೀಕ್ಷಣೆಗೆ ಹೋದರೂ ನಾವು ಕೂರುವುದು ಪಕ್ಕದ ಕಂಟ್ರೋಲ್ ರೂಮಿನಲ್ಲಿ, ನಾಲ್ಕೈದು ಪರದೆಗಳ ಮುಂದೆ. ಈಗಂತೂ ಎಷ್ಟೋ ಕಡೆ ಅಲ್ಲಿಗೆ ಹೋಗುವುದೂ ಬೇಡ. ಯಾವುದನ್ನು ಎಷ್ಟು ಹೊತ್ತು ನೋಡಬೇಕು ಅಂತ ಬರೆದು ಕಳಿಸಿದರೆ, ಅಲ್ಲಿನ ಸಿಬ್ಬಂದಿ ಒಳ್ಳೆಯ ರಾತ್ರಿ ನೋಡಿ ಮಾಡಿಕೊಡುತ್ತಾರೆ. ಒಂದು ದಿನ ಬೆಳಿಗ್ಗೆ ಮೇಲ್ ಬರುತ್ತದೆ, ನಿಮ್ಮ ಡೇಟಾ ಸಿದ್ಧವಾಗಿದೆ ಅಂತ.

ನನ್ನ ಪಿಎಚ್‌.ಡಿ ಕಾಲದಲ್ಲಿ ವರ್ಷಕ್ಕೆ ಹೆಚ್ಚೆಂದರೆ ಹತ್ತು ಹನ್ನೆರಡು ರಾತ್ರಿ ವೀಕ್ಷಣೆ ಇರುತ್ತಿತ್ತು. ಅದರಲ್ಲಿ ಮೂರು ನಾಲ್ಕು ಮೋಡದ ಪಾಲು. ಮೋಡ ಇಲ್ಲದಿದ್ದರೆ ತೇವ. ಗಾಳಿಯಲ್ಲಿ ತೇವಾಂಶ ಮಿತಿ ಮೀರಿದರೆ ಕನ್ನಡಿಯ ಮೇಲೆ ಇಬ್ಬನಿ ಕೂರುತ್ತದೆ ಅಂತ ಗುಮ್ಮಟ ಮುಚ್ಚಿಬಿಡುತ್ತಾರೆ. ಹೊರಗೆ ನಕ್ಷತ್ರಗಳು ಫಳಫಳ ಹೊಳೆಯುತ್ತಿರುತ್ತವೆ. ಒಳಗೆ ನಾವು ತೇವಾಂಶದ ಅಂಕಿ ಇಳಿಯುತ್ತದಾ ಅಂತ ಕಾಯುತ್ತಾ ಕೂತಿರುತ್ತೇವೆ.

ಉಳಿದ 350 ದಿನ ಕಂಪ್ಯೂಟರ್ ಮುಂದೆ, ಅದೂ ಹಗಲು ಹೊತ್ತಿನಲ್ಲಿ. ಕೋಡ್, ಗ್ರಾಫ್, ಮೀಟಿಂಗ್, ಬರವಣಿಗೆ. ಬರವಣಿಗೆಯೇ ಎಲ್ಲಕ್ಕಿಂತ ಜಾಸ್ತಿ. ಪಿಎಚ್‌.ಡಿ ಸೇರುವಾಗ ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಗಣಿತ ಎಷ್ಟು ಗೊತ್ತಿರಬೇಕು?

ಭೌತಶಾಸ್ತ್ರದ ಪದವಿಗೆ ಬೇಕಾದಷ್ಟು. ಸಿದ್ಧಾಂತದ ಕಡೆ ಹೋದರೆ ಇನ್ನೂ ಜಾಸ್ತಿ. ಆದರೆ ವೀಕ್ಷಣೆಯ ಕಡೆ ಬರುವವರಿಗೆ ಒಂದು ಮಾತು: ಕ್ಯಾಲ್ಕುಲಸ್‌ಗಿಂತ ಸಂಖ್ಯಾಶಾಸ್ತ್ರ ನಿಮ್ಮನ್ನು ಹೆಚ್ಚು ಕಾಡುತ್ತದೆ. ನಿಮ್ಮ ಉತ್ತರ 5 ಅಂತ ಬಂದರೆ ಸಾಲದು. ಅದು 5ಕ್ಕೆ 1 ಆಚೀಚೆಯೋ, 5ಕ್ಕೆ 4 ಆಚೀಚೆಯೋ ಹೇಳಬೇಕು. ಆ 'ಆಚೀಚೆ'ಯನ್ನು ಸರಿಯಾಗಿ ಲೆಕ್ಕ ಹಾಕುವುದರಲ್ಲೇ ತಿಂಗಳುಗಳು ಹೋಗುತ್ತವೆ.

ಇದರ ಜೊತೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಕೇ ಬೇಕು. ಆಸ್ಟ್ರೋಪೈ ಎಂಬ ಉಚಿತ ಪ್ಯಾಕೇಜನ್ನು ಖಗೋಳ ಸಂಶೋಧಕರೇ ಸೇರಿ ಬರೆದಿದ್ದಾರೆ, ಇವತ್ತು ನಮ್ಮಲ್ಲಿ ಬಹಳ ಜನರ ದಿನದ ಕೆಲಸ ಅದರ ಮೇಲೆಯೇ ನಡೆಯುತ್ತದೆ.

ಪಿಎಚ್‌.ಡಿಗೆ ಎಷ್ಟು ವರ್ಷ? ಗೈಡ್ ಆರಿಸುವುದು ಹೇಗೆ?

ದೇಶ ನೋಡಿಕೊಂಡು ಮೂರರಿಂದ ಆರು ವರ್ಷ. ಕೆಲವು ಕಡೆ ಮೊದಲ ಎರಡು ವರ್ಷ ಕೋರ್ಸ್ ಇರುತ್ತದೆ, ಕೆಲವು ಕಡೆ ನೇರ ಸಂಶೋಧನೆ.

ಗೈಡ್ ವಿಷಯದಲ್ಲಿ ಎಲ್ಲರೂ ಅವರ ಪೇಪರ್ ಪಟ್ಟಿ ನೋಡುತ್ತಾರೆ. ನೋಡಿ, ತಪ್ಪೇನಿಲ್ಲ. ಆದರೆ ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಅಂತಲೂ ನೋಡಿ. ಈಗ ಇರುವ ವಿದ್ಯಾರ್ಥಿಗಳ ಹತ್ತಿರ ಗೈಡ್ ಇಲ್ಲದಿರುವಾಗ ಮಾತಾಡಿ. "ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಾರೆ?" ಇಷ್ಟೇ ಕೇಳಿದರೆ ಸಾಕು. ಒಂದು ವಾರ ಅಂದರೆ ಪುಣ್ಯವಂತರು. ಉತ್ತರ ಕೊಡದೆ ಸುಮ್ನೆ ನಕ್ಕರೆ ಇನ್ನೊಬ್ಬ ಗೈಡನ್ನೂ ನೋಡಿಟ್ಟುಕೊಳ್ಳಿ.

ವಿದ್ಯಾರ್ಥಿಯಾಗಿರುವಾಗಲೇ ದೊಡ್ಡದೇನಾದರೂ ಕಂಡುಹಿಡಿಯಲು ಸಾಧ್ಯವಾ?

ಸಾಧ್ಯ. ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ.

ಜೋಸ್ಲಿನ್ ಬೆಲ್ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌.ಡಿ ಮಾಡುವಾಗ ಎರಡು ವರ್ಷ ರೇಡಿಯೋ ಟೆಲಿಸ್ಕೋಪ್ ಕಟ್ಟುವುದರಲ್ಲೇ ಕಳೆದರು. ಕಂಬ ನೆಟ್ಟು ತಂತಿ ಎಳೆಯುವ ಕೆಲಸ. ಆಮೇಲೆ ದಿನಕ್ಕೆ ಸುಮಾರು 30 ಮೀಟರ್ ಉದ್ದದ ಚಾರ್ಟ್ ಕಾಗದವನ್ನು ಕಣ್ಣಿನಲ್ಲೇ ಓದಬೇಕಿತ್ತು. 1967ರಲ್ಲಿ ಆ ಕಾಗದದಲ್ಲಿ ಒಂದು ಸಣ್ಣ ಗೀಚು ಕಂಡಿತು, ಅರ್ಧ ಸೆಂಟಿಮೀಟರ್ ಆಸುಪಾಸಿನದು. ಮಿಡಿತ ಅಳೆದಾಗ 1.337 ಸೆಕೆಂಡಿಗೆ ಒಂದು, ಗಡಿಯಾರದ ಹಾಗೆ. ಅದೇ ಮೊದಲ ಪಲ್ಸಾರ್, ಅಂದರೆ ತಿರುಗುತ್ತಾ ಕ್ರಮವಾಗಿ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ. 1974ರ ನೊಬೆಲ್ ಅವರ ಗೈಡ್ ಆಂಟನಿ ಹ್ಯೂವಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯಿತು, ಬೆಲ್ ಅವರಿಗೆ ಸಿಗಲಿಲ್ಲ. ಈ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. 2018ರಲ್ಲಿ ಬಂದ 30 ಲಕ್ಷ ಡಾಲರ್‌ನ ಬ್ರೇಕ್‌ಥ್ರೂ ಬಹುಮಾನವನ್ನು ಅವರು ಭೌತಶಾಸ್ತ್ರ ಸಂಶೋಧನೆಗೆ ಬರುವ, ಅವಕಾಶ ಕಡಿಮೆ ಇರುವ ವಿದ್ಯಾರ್ಥಿಗಳಿಗೆ ಕೊಟ್ಟುಬಿಟ್ಟರು.

1974ರಲ್ಲಿ ರಸೆಲ್ ಹಲ್ಸ್ ಎಂಬ ವಿದ್ಯಾರ್ಥಿ ಅರೆಸಿಬೋ ಟೆಲಿಸ್ಕೋಪಿನಲ್ಲಿ ಒಂದು ಪಲ್ಸಾರ್ ಅಳೆಯುತ್ತಿದ್ದರು. ಅದರ ಮಿಡಿತದ ಅವಧಿ ಒಂದೊಂದು ದಿನ ಒಂದೊಂದು ಥರ ಬಂತು. ಪಲ್ಸಾರ್ ಹಾಗೆಲ್ಲ ಹೆಜ್ಜೆ ತಪ್ಪುವ ಜಾತಿಯದಲ್ಲ. ಕೊನೆಗೆ ಗೊತ್ತಾಯಿತು, ಅದು ಇನ್ನೊಂದು ನಕ್ಷತ್ರದ ಸುತ್ತ 7.75 ಗಂಟೆಗೆ ಒಂದು ಸುತ್ತು ಹಾಕುತ್ತಿದೆ. ಈ ಜೋಡಿಯಿಂದಲೇ, ಭಾರಿ ಕಾಯಗಳು ಸುತ್ತುವಾಗ ಏಳುವ ಗುರುತ್ವದ ಅಲೆಗಳಿಗೆ ಮೊದಲ ಪರೋಕ್ಷ ಸಾಕ್ಷಿ ಸಿಕ್ಕಿತು. 1993ರಲ್ಲಿ ಹಲ್ಸ್ ಮತ್ತು ಅವರ ಗೈಡ್ ಜೋಸೆಫ್ ಟೇಲರ್ ಇಬ್ಬರಿಗೂ ನೊಬೆಲ್ ಬಂತು.

ಡಿಡಿಯೆ ಕೆಲೋಸ್ ಜಿನೀವಾದಲ್ಲಿ ಪಿಎಚ್‌.ಡಿ ಮಾಡುತ್ತಿದ್ದಾಗ 51 ಪೆಗಾಸಿ ಎಂಬ ನಕ್ಷತ್ರ ಓಲಾಡುತ್ತಿರುವುದನ್ನು ಕಂಡರು. ಗೈಡ್ ಮಿಶೆಲ್ ಮೇಯರ್ ಆಗ ಊರಲ್ಲಿರಲಿಲ್ಲ. ತಾನು ಬರೆದ ಪ್ರೋಗ್ರಾಮಿನಲ್ಲೇ ಏನೋ ಎಡವಟ್ಟಾಗಿದೆ ಅಂತ ಕೆಲೋಸ್ ಗಾಬರಿಯಾದರು. ನಕ್ಷತ್ರವನ್ನು ಹಾಗೆ ಎಳೆದಾಡುತ್ತಿದ್ದುದು 4.2 ದಿನಕ್ಕೆ ಒಂದು ಸುತ್ತು ಹಾಕುವ ಗ್ರಹ, ನಮ್ಮ ಸೂರ್ಯನಂಥ ನಕ್ಷತ್ರದ ಸುತ್ತ ಸಿಕ್ಕ ಮೊದಲನೆಯದು. 1995ರಲ್ಲಿ ಪ್ರಕಟವಾಯಿತು. 2019ರಲ್ಲಿ ನೊಬೆಲ್.

ಮೂವರೂ ಮೊದಲು ಅನುಮಾನ ಪಟ್ಟಿದ್ದು ತಮ್ಮ ಕಡೆಯ ತಪ್ಪನ್ನೇ, ಇಲ್ಲವೇ ಎಲ್ಲಿಂದಲೋ ಬಂದು ಅಳತೆಯಲ್ಲಿ ಸೇರಿಕೊಳ್ಳುವ ಬೇಡದ ಏರಿಳಿತವನ್ನು, ಅಂದರೆ ಗದ್ದಲವನ್ನು. ಆದರೆ ಅಷ್ಟಕ್ಕೇ ಬಿಡದೆ ಅದು ಎಂಥ ತಪ್ಪು ಅಂತ ಹುಡುಕಲು ಹೋದರು. ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಜನ ಗ್ರಾಫಿನಲ್ಲಿ ಒಂಟಿಯಾಗಿ ದೂರ ನಿಂತ ಚುಕ್ಕೆಯನ್ನು ಅಳಿಸಿ ಮುಂದೆ ಹೋಗುತ್ತಾರೆ. ನಾನೂ ಅಳಿಸಿದ್ದೇನೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಕಸವೇ ಆಗಿರುತ್ತದೆ, ನಿಜ.

ಗೈಡ್ ಅಥವಾ ದೊಡ್ಡವರು ನನ್ನ ಫಲಿತಾಂಶ ತಪ್ಪು ಅಂದರೆ?

1925ರಲ್ಲಿ ಸೆಸಿಲಿಯಾ ಪೇನ್ ತಮ್ಮ ಥೀಸಿಸ್‌ನಲ್ಲಿ ನಕ್ಷತ್ರಗಳ ಬೆಳಕಿನ ರೋಹಿತವನ್ನು ಲೆಕ್ಕ ಹಾಕಿ ನೋಡಿದರು. ಲೋಹಗಳಿಗೆ ಹೋಲಿಸಿದರೆ ಜಲಜನಕ ಲಕ್ಷಾಂತರ ಪಟ್ಟು ಜಾಸ್ತಿ ಬಂತು. ನಕ್ಷತ್ರದಲ್ಲಿರುವುದೂ ಹೆಚ್ಚುಕಡಿಮೆ ಭೂಮಿಯಲ್ಲಿರುವುದೇ ಅಂತ ಆಗ ಎಲ್ಲರೂ ನಂಬಿದ್ದರು. ಆ ಕಾಲದ ದೊಡ್ಡ ಹೆಸರು ಹೆನ್ರಿ ನಾರಿಸ್ ರಸೆಲ್, ಇದು ಆಗದ ಮಾತು ಅಂದರು. ಈ ಅಂಕಿ ಬಹುಶಃ ನಿಜವಲ್ಲ ಎಂಬ ಅರ್ಥದ ಸಾಲನ್ನು ಪೇನ್ ತಾವೇ ಥೀಸಿಸ್‌ನಲ್ಲಿ ಸೇರಿಸಿದರು. ನಾಲ್ಕು ವರ್ಷದ ನಂತರ ರಸೆಲ್ ಬೇರೆ ದಾರಿಯಲ್ಲಿ ಅದೇ ಉತ್ತರಕ್ಕೆ ಬಂದರು, ಪೇನ್ ಸರಿ ಅಂತ ಒಪ್ಪಿಕೊಂಡರು. ಪೇನ್ ಹಾರ್ವರ್ಡ್‌ನಲ್ಲಿ ಪೂರ್ಣ ಪ್ರೊಫೆಸರ್ ಆಗಿದ್ದು 1956ರಲ್ಲಿ.

ನನಗೆ ಇಲ್ಲಿ ಮುಖ್ಯ ಅನಿಸುವುದು ಒಂದು ಸಣ್ಣ ವಿಷಯ. ಆಕೆ ಆ ಸಾಲು ಸೇರಿಸಿದರೂ ಅಂಕಿಗಳನ್ನು ತಿದ್ದಲಿಲ್ಲ. ಕೋಷ್ಟಕ ಹಾಗೇ ಉಳಿಯಿತು. ಒತ್ತಾಯ ಬಂದಾಗ ಮಾತನ್ನು ಮೆದು ಮಾಡಿಕೊಳ್ಳಿ ಬೇಕಾದರೆ, ಅಂಕಿ ಮುಟ್ಟಬೇಡಿ.

ಟೆಲಿಸ್ಕೋಪ್ ಸಮಯ ಹೇಗೆ ಸಿಗುತ್ತದೆ? ದುಡ್ಡು ಕೊಡಬೇಕಾ?

ಸಾಮಾನ್ಯವಾಗಿ ದುಡ್ಡು ಬೇಡ, ಪ್ರಪೋಸಲ್ ಬೇಕು. ಯಾವ ಪ್ರಶ್ನೆ, ಯಾಕೆ ಈಗ, ಯಾಕೆ ಇದೇ ಟೆಲಿಸ್ಕೋಪ್, ಎಷ್ಟು ಗಂಟೆ, ಆ ಗಂಟೆಗಳ ಲೆಕ್ಕ ಎಲ್ಲಿಂದ ಬಂತು. ಇಷ್ಟನ್ನು ಕೆಲವೇ ಪುಟಗಳಲ್ಲಿ ಬರೆಯಬೇಕು. ಕೆಲವು ಕಡೆ ಆರು ತಿಂಗಳಿಗೊಮ್ಮೆ, ಕೆಲವು ಕಡೆ ವರ್ಷಕ್ಕೊಮ್ಮೆ ಕರೆಯುತ್ತಾರೆ.

ಪೈಪೋಟಿ ಜೋರು. ವೆಬ್ ಬಾಹ್ಯಾಕಾಶ ಟೆಲಿಸ್ಕೋಪಿನ ನಾಲ್ಕನೇ ಸುತ್ತಿಗೆ 2024ರ ಅಕ್ಟೋಬರ್‌ನಲ್ಲಿ 2,377 ಪ್ರಪೋಸಲ್ ಬಂದವು. ಕೇಳಿದ ಸಮಯ ಸುಮಾರು 78,000 ಗಂಟೆ. ಇದ್ದ ಸಮಯಕ್ಕೆ ಹೋಲಿಸಿದರೆ ಒಂಬತ್ತು ಪಟ್ಟು. ಅಂದರೆ ತುಂಬಾ ಒಳ್ಳೆಯ ಪ್ರಪೋಸಲ್‌ಗಳೂ ತಿರಸ್ಕಾರವಾಗುತ್ತವೆ. ಆಗಲೇಬೇಕು, ಬೇರೆ ದಾರಿಯಿಲ್ಲ.

ಹೊಸಬರಿಗೆ ಒಂದು ಸಮಾಧಾನದ ಸಂಗತಿ ಇದೆ. 2018ರಿಂದ ಹಬಲ್ ಬಾಹ್ಯಾಕಾಶ ಟೆಲಿಸ್ಕೋಪಿನ ಪ್ರಪೋಸಲ್‌ಗಳಲ್ಲಿ ಬರೆದವರ ಹೆಸರನ್ನು ಓದುವವರಿಗೆ ತೋರಿಸುವುದಿಲ್ಲ. ಅದಕ್ಕೂ ಮುಂಚೆ ಎಷ್ಟೋ ವರ್ಷ ಪುರುಷರ ಪ್ರಪೋಸಲ್‌ಗಳು ಸ್ವಲ್ಪ ಹೆಚ್ಚು ಪ್ರಮಾಣದಲ್ಲಿ ಆಯ್ಕೆಯಾಗುತ್ತಿದ್ದವು. ಹೆಸರು ಮುಚ್ಚಿದ ಮೊದಲ ಸುತ್ತಿನಲ್ಲೇ ಮಹಿಳೆಯರ ಪ್ರಮಾಣ ಸ್ವಲ್ಪ ಮೇಲಾಯಿತು. ಈಗ ಬೇರೆ ದೊಡ್ಡ ಟೆಲಿಸ್ಕೋಪುಗಳೂ ಇದನ್ನೇ ಮಾಡುತ್ತಿವೆ.

ನನ್ನ ಮೊದಲ ಮೂರು ಪ್ರಪೋಸಲ್ ಬಿದ್ದುಹೋದವು. ಮೂರನೆಯದಕ್ಕೆ ಬಂದ ಟಿಪ್ಪಣಿ ಇನ್ನೂ ನೆನಪಿದೆ. ವಿಜ್ಞಾನ ಚೆನ್ನಾಗಿರಬಹುದು, ಆದರೆ ಪ್ರಶ್ನೆ ಏನು ಅಂತ ಎರಡನೇ ಪುಟದವರೆಗೂ ಗೊತ್ತಾಗಲಿಲ್ಲ ಅಂತ ಬರೆದಿದ್ದರು. ಮೊದಲು ಸಿಟ್ಟು ಬಂತು. ಆಮೇಲೆ ನಾನೇ ಓದಿದೆ. ಸರಿಯಾಗೇ ಇತ್ತು. ಓದುವವರು ನಮ್ಮ ವಿಷಯದ ತಜ್ಞರೇ ಆಗಿರಬೇಕಿಲ್ಲ. ಗ್ರಹದವರು ಗೆಲಾಕ್ಸಿಯ ಪ್ರಪೋಸಲ್ ಓದುತ್ತಾರೆ, ಅದೂ ಹತ್ತಾರು ಪ್ರಪೋಸಲ್ ಒಟ್ಟಿಗೆ, ಸುಸ್ತಾಗಿರುವಾಗ. ಅವರನ್ನು ಕ್ಲಾಸಿನ ಕೊನೆ ಬೆಂಚಿನಲ್ಲಿ ಕೂತ ಜಾಣ ಹುಡುಗ ಅಂತ ಅಂದುಕೊಂಡು ನಾಲ್ಕನೆಯದನ್ನು ಬರೆದೆ. ಎರಡು ರಾತ್ರಿ ಸಿಕ್ಕವು.

ಸಮಯ ಸಿಗಲೇ ಇಲ್ಲ ಅಂದರೆ ಪಿಎಚ್‌.ಡಿ ನಿಂತುಹೋಗುತ್ತದಾ?

ನಿಲ್ಲಬೇಕಿಲ್ಲ. ದೊಡ್ಡ ಟೆಲಿಸ್ಕೋಪುಗಳ ಡೇಟಾ ಸಾಮಾನ್ಯವಾಗಿ ಆರು ತಿಂಗಳೋ ಒಂದು ವರ್ಷವೋ ಕೇಳಿದವರ ಹತ್ತಿರ ಇರುತ್ತದೆ, ಆಮೇಲೆ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಗಾಯಾ ಉಪಗ್ರಹದ ಮೂರನೇ ಪಟ್ಟಿ 2022ರ ಜೂನ್‌ನಲ್ಲಿ ಬಂತು. ಸುಮಾರು 180 ಕೋಟಿ ನಕ್ಷತ್ರಗಳ ಮಾಹಿತಿ, ಒಂದು ಪೈಸೆ ಖರ್ಚಿಲ್ಲದೆ. ಪ್ರೊಫೆಸರಿಗೂ ನಿಮಗೂ ಅದು ಒಂದೇ ದಿನ ಸಿಗುತ್ತದೆ. ಹಳೆಯ ಡೇಟಾದಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿ ಮುಗಿಸಿದ ಥೀಸಿಸ್‌ಗಳು ಎಷ್ಟೋ ಇವೆ. ಅದರಲ್ಲಿ ಮರ್ಯಾದೆ ಕಡಿಮೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಎಷ್ಟು ಪೇಪರ್ ಇರಬೇಕು?

ಎಲ್ಲರಿಗೂ ಇಷ್ಟೇ ಅಂತ ಒಂದು ಸಂಖ್ಯೆ ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚು ಕೆಲಸ ಮಾಡಿದವರದ್ದು. ಕೆಲವು ಬೇರೆ ವಿಷಯಗಳಲ್ಲಿ ಕೊನೆಯ ಹೆಸರಿಗೆ ತೂಕ ಇರುತ್ತದೆ, ಗಣಿತದಲ್ಲಿ ಅಕ್ಷರಮಾಲೆಯ ಕ್ರಮ. ಹಾಗಾಗಿ ಕೆಲಸ ಕೊಡುವವರು ಮೊದಲು ಎಣಿಸುವುದು ನೀವು ಮೊದಲ ಹೆಸರಾಗಿರುವ ಪೇಪರುಗಳನ್ನು. ದೊಡ್ಡ ತಂಡಗಳ ಪೇಪರಿನಲ್ಲಿ ಹೆಸರಿದ್ದರೆ ಒಳ್ಳೆಯದೇ. ಆದರೆ 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದ ಘಟನೆಯ ಮುಖ್ಯ ಪೇಪರಿಗೆ 3,500ಕ್ಕೂ ಹೆಚ್ಚು ಲೇಖಕರಿದ್ದರು. ಅಲ್ಲಿ ನೀವು ಏನು ಮಾಡಿದಿರಿ ಅಂತ ಬಾಯಿಬಿಟ್ಟು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಮಾಡುತ್ತಿದ್ದುದನ್ನು ಬೇರೆಯವರು ಮೊದಲು ಪ್ರಕಟಿಸಿಬಿಟ್ಟರೆ?

ಒಂದು ದಿನ ಅಳಿ. ಎರಡನೇ ದಿನ ಅವರ ಪೇಪರ್ ಸರಿಯಾಗಿ ಓದಿ. ಇಬ್ಬರು ಒಂದೇ ಕೆಲಸವನ್ನು ಹೂಬೇಹೂಬು ಒಂದೇ ಥರ ಮಾಡಿರುವುದು ಅಪರೂಪ. ಆರ್‌ಕೈವ್ ಎಂಬ ತಾಣದಲ್ಲಿ ಪೇಪರುಗಳು ಪತ್ರಿಕೆಗೆ ಮುಂಚೆಯೇ ಎಲ್ಲರಿಗೂ ಓದಲು ಸಿಗುತ್ತವೆ, ಅದು 1991ರಿಂದ ಇದೆ. ಅದನ್ನು ದಿನಾ ಬೆಳಿಗ್ಗೆ ನೋಡುವ ಅಭ್ಯಾಸ ಇದ್ದರೆ ಆಘಾತ ಸ್ವಲ್ಪ ಮುಂಚೆಯೇ ಆಗುತ್ತದೆ, ಅಷ್ಟೇ ಲಾಭ.

ಪ್ರಕಟವಾದ ಮೇಲೆ ನನ್ನದೇ ತಪ್ಪು ಗೊತ್ತಾದರೆ?

ಹೇಳಿಬಿಡಬೇಕು. 1991ರಲ್ಲಿ ಆಂಡ್ರ್ಯೂ ಲೈನ್ ಮತ್ತು ಜೊತೆಗಾರರು ಒಂದು ಪಲ್ಸಾರ್ ಸುತ್ತ ಗ್ರಹ ಇದೆ ಅಂತ ಪ್ರಕಟಿಸಿದರು. ಸುತ್ತುವ ಅವಧಿ ಆರು ತಿಂಗಳು. ಅದೇ ಸುಳಿವಾಗಬೇಕಿತ್ತು, ಯಾಕೆಂದರೆ ಆರು ತಿಂಗಳು ಅಂದರೆ ನಮ್ಮ ಭೂಮಿಯ ವರ್ಷದ ಸರಿಯಾಗಿ ಅರ್ಧ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ವೃತ್ತವಲ್ಲ ಎಂಬುದನ್ನು ಲೆಕ್ಕದಲ್ಲಿ ಸರಿಯಾಗಿ ತೆಗೆದುಹಾಕಿರಲಿಲ್ಲ. 1992ರ ಜನವರಿಯಲ್ಲಿ ಅಮೆರಿಕದ ಖಗೋಳ ಸಂಘದ ಸಭೆಯಲ್ಲಿ ಲೈನ್ ಎದ್ದು ನಿಂತು ಆ ಗ್ರಹ ಇಲ್ಲ, ತಪ್ಪು ನಮ್ಮದು ಅಂದರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಅದೇ ಸಭೆಯಲ್ಲಿ ಅಲೆಕ್ಸಾಂಡರ್ ವೋಲ್ಶ್ಚಾನ್ ಇನ್ನೊಂದು ಪಲ್ಸಾರಿನ ಗ್ರಹಗಳ ಬಗ್ಗೆ ಮಾತಾಡಿದರು. ಅವು ನಿಜವಾಗಿಯೂ ಇವೆ.

ನನ್ನ ತಪ್ಪಿಗೆ ಇಷ್ಟು ಗೌರವ ಇಲ್ಲ. ಖಗೋಳದಲ್ಲಿ ದಿನ ಎಣಿಸಲು ಜೂಲಿಯನ್ ದಿನ ಅಂತ ಒಂದು ಲೆಕ್ಕ ಇದೆ. ಅದು ಮಧ್ಯಾಹ್ನ 12 ಗಂಟೆಗೆ ಶುರುವಾಗುತ್ತದೆ, ರಾತ್ರಿಯ ವೀಕ್ಷಣೆ ಎರಡು ತಾರೀಖಿಗೆ ಹರಿದುಹೋಗಬಾರದು ಅಂತ. ಸಂಖ್ಯೆ ತುಂಬಾ ಉದ್ದ ಅಂತ 2400000.5 ಕಳೆದು ಬರೆಯುವ ಇನ್ನೊಂದು ರೂಪವೂ ಇದೆ. ಆ ಕೊನೆಯ 0.5 ನನ್ನ ಕೋಡಿನಲ್ಲಿ ಬಿಟ್ಟುಹೋಗಿತ್ತು. ಜೋಡಿ ನಕ್ಷತ್ರದ ಅವಧಿ ಸರಿಯಾಗಿಯೇ ಬಂತು, ಒಂದು ಇನ್ನೊಂದಕ್ಕೆ ಅಡ್ಡ ಬರುವ ಗ್ರಹಣದ ಹೊತ್ತು ಮಾತ್ರ ಅರ್ಧ ದಿನ ಆಚೆ. ಇನ್ನೊಂದು ತಂಡದವರು ನಮ್ಮ ಪಟ್ಟಿ ನಂಬಿ ಟೆಲಿಸ್ಕೋಪ್ ತಿರುಗಿಸಿ ಕಾದರು. ಏನೂ ಆಗಲಿಲ್ಲ. ಅವರಿಂದ ಬಂದ ಮೇಲ್ ತುಂಬಾ ವಿನಯದಿಂದ ಕೂಡಿತ್ತು. ಬೈದಿದ್ದರೇ ವಾಸಿಯಿತ್ತು. ತಿದ್ದುಪಡಿ ಪ್ರಕಟಿಸಿದೆವು, ಆಕಾಶ ಕಳಚಿ ಬೀಳಲಿಲ್ಲ.

ಪಾಠ ಮಾಡುವುದರಿಂದ ಸಂಶೋಧನೆಗೆ ತೊಂದರೆ ಅಲ್ವಾ?

ಸಮಯದ ಲೆಕ್ಕದಲ್ಲಿ ತೊಂದರೆಯೇ. ಮೊದಲ ಸಲ ಹೇಳುವ ಒಂದು ಗಂಟೆಯ ಪಾಠಕ್ಕೆ ನನಗೆ ಎಂಟು ಗಂಟೆ ತಯಾರಿ ಹಿಡಿಯುತ್ತಿತ್ತು. ಪಾಠ ಜಾಸ್ತಿ ಇದ್ದ ವರ್ಷ ನನ್ನ ಒಂದೇ ಒಂದು ಪೇಪರ್ ಹೊರಬಂತು. ಹುದ್ದೆ ಕೊಡುವ ಕಡೆ ಬಾಯಲ್ಲಿ ಎರಡೂ ಮುಖ್ಯ ಅನ್ನುತ್ತಾರೆ, ಎಷ್ಟೋ ಕಡೆ ಎಣಿಸುವಾಗ ಪೇಪರನ್ನೇ ಎಣಿಸುತ್ತಾರೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೂ ನಾನು ಪಾಠ ಬಿಡಲಿಲ್ಲ. ಅದಕ್ಕೆ ಒಂದು ಘಟನೆ ಕಾರಣ. ನಕ್ಷತ್ರದ ದೂರ ಅಳೆಯುವುದನ್ನು ಹೇಳಿಕೊಡುತ್ತಿದ್ದೆ. ಭೂಮಿ ಸೂರ್ಯನ ಆಚೆ ಈಚೆ ಹೋದಾಗ ಹತ್ತಿರದ ನಕ್ಷತ್ರ ತುಸು ಸರಿದ ಹಾಗೆ ಕಾಣುತ್ತದೆ. ಆ ಸರಿತಕ್ಕೆ ಪ್ಯಾರಲಾಕ್ಸ್ ಅನ್ನುತ್ತೇವೆ. ಸರಿತ ಕಡಿಮೆ ಇದ್ದಷ್ಟೂ ದೂರ ಜಾಸ್ತಿ, ಒಂದನ್ನು ಸರಿತದಿಂದ ಭಾಗಿಸಿದರೆ ದೂರ ಬಂತು. ವಿದ್ಯಾರ್ಥಿಗಳಿಗೆ ಗಾಯಾ ಪಟ್ಟಿ ಕೊಟ್ಟು ಲೆಕ್ಕ ಹಾಕಿ ಅಂದೆ. ಹಿಂದಿನ ಸಾಲಿನಿಂದ ಒಬ್ಬಳು ಕೈ ಎತ್ತಿದಳು.

"ಮೇಡಂ, ಇಲ್ಲಿ ಪ್ಯಾರಲಾಕ್ಸ್ ಮೈನಸ್ ಇದೆ. ಮೈನಸ್ ದೂರ ಅಂದ್ರೆ ಏನು?"

ಅಳತೆಯಲ್ಲಿ ಯಾವಾಗಲೂ ಸ್ವಲ್ಪ ಗದ್ದಲ ಇರುತ್ತದೆ, ತೀರಾ ದೂರದ ನಕ್ಷತ್ರಕ್ಕೆ ನಿಜವಾದ ಸರಿತ ಸೊನ್ನೆಯ ಹತ್ತಿರ, ಅದಕ್ಕೇ ಗದ್ದಲದಲ್ಲಿ ಕೆಲವು ಸೊನ್ನೆಯ ಕೆಳಗೂ ಹೋಗುತ್ತವೆ ಅಂತ ಹೇಳಿದೆ. ಅವಳು ಬಿಡಲಿಲ್ಲ. "ಹಾಗಾದ್ರೆ ಪ್ಲಸ್ ಬಂದಿರೋದನ್ನ ಮಾತ್ರ ಹೇಗೆ ನಂಬೋದು?"

ಅವತ್ತು ಸಂಜೆ ನನ್ನ ಪೇಪರಿನ ಡ್ರಾಫ್ಟ್ ತೆಗೆದು ನೋಡಿದೆ. ಮೈನಸ್ ಇದ್ದ ನಕ್ಷತ್ರಗಳನ್ನೆಲ್ಲ ನಾನು ಸುಮ್ನೆ ಕಿತ್ತುಹಾಕಿದ್ದೆ, ಉಳಿದವುಗಳಿಗೆ ಕಣ್ಣುಮುಚ್ಚಿ ಒಂದನ್ನು ಭಾಗಿಸಿದ್ದೆ. ಹಾಗೆ ಮಾಡಿದರೆ ಗದ್ದಲ ಮೇಲಕ್ಕೆ ತಳ್ಳಿದ ನಕ್ಷತ್ರಗಳು ಉಳಿಯುತ್ತವೆ, ಕೆಳಕ್ಕೆ ತಳ್ಳಿದವು ಹೋಗುತ್ತವೆ. ನನ್ನ ಸರಾಸರಿ ಒಂದು ಕಡೆಗೆ ವಾಲಿತ್ತು. ಎರಡು ತಿಂಗಳ ಕೆಲಸ ಮತ್ತೆ ಮಾಡಿದೆ. ಪೇಪರಿನ ಕೊನೆಯಲ್ಲಿ ಧನ್ಯವಾದದ ಪಟ್ಟಿಯಲ್ಲಿ ಆ ಇಡೀ ಕ್ಲಾಸಿಗೆ ಒಂದು ಸಾಲು ಇದೆ. ಪತ್ರಿಕೆಯ ಪರವಾಗಿ ಪೇಪರ್ ಪರಿಶೀಲಿಸಿದ ರೆಫರಿ ಅದನ್ನೇನೂ ತೆಗೆಯಲು ಹೇಳಲಿಲ್ಲ.

ಹೊಸದಾಗಿ ಪಾಠ ಶುರು ಮಾಡುವವರಿಗೆ ಏನು ಹೇಳುತ್ತೀರಿ?

ವಿದ್ಯಾರ್ಥಿಗಳ ತಲೆ ಖಾಲಿ ಪಾತ್ರೆ ಅಂದುಕೊಂಡು ಹೋಗಬೇಡಿ. ಅಲ್ಲಿ ಆಗಲೇ ಒಂದು ಉತ್ತರ ಕೂತಿರುತ್ತದೆ. ಬೇಸಿಗೆ ಯಾಕೆ ಅಂದರೆ ಭೂಮಿ ಸೂರ್ಯನಿಗೆ ಹತ್ತಿರ ಬರುವುದರಿಂದ ಅನ್ನುತ್ತಾರೆ. ನಿಜಕ್ಕೂ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ 15.2 ಕೋಟಿ. ಉತ್ತರ ಗೋಳಾರ್ಧದವರಿಗೆ ಜನವರಿ ಚಳಿಗಾಲ. ಬೇಸಿಗೆಗೆ ಕಾರಣ ಭೂಮಿಯ ಅಕ್ಷದ ಓರೆ, ಸುಮಾರು 23.4 ಡಿಗ್ರಿ. ಇದನ್ನು ಹೇಳಿದರೆ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಆರು ತಿಂಗಳ ಮೇಲೆ ಮತ್ತೆ ಹಳೆಯ ಉತ್ತರಕ್ಕೇ ಹೋಗುತ್ತಾರೆ.

ಹಳೆಯ ಉತ್ತರವನ್ನು ಅವರೇ ಮುರಿಯಬೇಕು. ಚಂದ್ರ ಅರ್ಧ ಕಾಣುವುದು ಭೂಮಿಯ ನೆರಳಿನಿಂದ ಅಂತ ನನ್ನ ಮೊದಲ ಕ್ಲಾಸಿನಲ್ಲಿ ಮುಕ್ಕಾಲು ಜನ ಕೈ ಎತ್ತಿದರು. ನಾನು ಅರ್ಧ ಗಂಟೆ ಚಿತ್ರ ಬರೆದು ವಿವರಿಸಿದೆ, ಸುಮ್ಮನೆ ತಲೆಯಾಡಿಸಿದರು. ಮರುವರ್ಷ ಚಿತ್ರ ಬರೆಯಲಿಲ್ಲ. ಮಧ್ಯಾಹ್ನದ ಹೊತ್ತು ಹೊರಗೆ ಕರೆದುಕೊಂಡು ಹೋಗಿ ಆಕಾಶದಲ್ಲಿದ್ದ ಅರ್ಧ ಚಂದ್ರನನ್ನು ತೋರಿಸಿದೆ. ಸೂರ್ಯ ಒಂದು ಕಡೆ, ಚಂದ್ರ ಇನ್ನೊಂದು ಕಡೆ, ಎರಡೂ ನಮ್ಮ ತಲೆಯ ಮೇಲೆ. ಒಬ್ಬ ಹುಡುಗ ಎರಡನ್ನೂ ನೋಡಿ, ಕಾಲ ಕೆಳಗಿನ ನೆಲ ನೋಡಿ, "ಭೂಮಿ ಇಲ್ಲಿದೆಯಲ್ಲ, ನೆರಳು ಅಲ್ಲಿಗೆ ಹೋಗೋಕೇ ಆಗಲ್ಲ" ಅಂದ. ಆ ಮೇಲೆ ಕತ್ತಲೆ ಕೋಣೆಯಲ್ಲಿ ಒಂದು ದೀಪ, ಕೈಯಲ್ಲೊಂದು ಚೆಂಡು. ಹತ್ತೇ ನಿಮಿಷದಲ್ಲಿ ಮುಗಿಯಿತು.

ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಹೇಳುವ ಎರಿಕ್ ಮಜೂರ್ 1990ರ ದಶಕದ ಶುರುವಿನಿಂದ ಒಂದು ಪದ್ಧತಿ ಬಳಸುತ್ತಾರೆ. ಒಂದು ಪ್ರಶ್ನೆ ಹಾಕಿ, ಎಲ್ಲರೂ ಉತ್ತರ ಆರಿಸಲಿ, ಆಮೇಲೆ ಪಕ್ಕದವರ ಜೊತೆ ವಾದ ಮಾಡಲಿ, ಮತ್ತೆ ಆರಿಸಲಿ. ನಾನೂ ಮಾಡುತ್ತೇನೆ. ಗಲಾಟೆ ಆಗುತ್ತದೆ. ಆಗಲಿ.

ಪೋಸ್ಟ್‌ಡಾಕ್ ಅಂದರೇನು? ಎಷ್ಟು ಮಾಡಬೇಕು?

ಪಿಎಚ್‌.ಡಿ ಮುಗಿದ ಮೇಲೆ, ಕಾಯಂ ಕೆಲಸ ಸಿಗುವ ಮುಂಚಿನ ತಾತ್ಕಾಲಿಕ ಸಂಶೋಧನಾ ಹುದ್ದೆ. ಒಂದೊಂದು ಎರಡು ಮೂರು ವರ್ಷ. ಬಹಳ ಜನ ಎರಡು ಮಾಡುತ್ತಾರೆ, ಮೂರು ಮಾಡುವವರೂ ಇದ್ದಾರೆ. ಕೆಲವು ಒಬ್ಬ ಪ್ರೊಫೆಸರರ ಯೋಜನೆಗೆ ಅಂಟಿಕೊಂಡಿರುತ್ತವೆ. ಫೆಲೋಶಿಪ್ ಆದರೆ ನಿಮ್ಮ ಪ್ರಶ್ನೆಯನ್ನು ನೀವೇ ಆರಿಸಬಹುದು, ಅದಕ್ಕೇ ಅವಕ್ಕೆ ನೂಕುನುಗ್ಗಲು.

ಅರ್ಜಿಗಳ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್. ಉತ್ತರ ಬರುವುದು ಜನವರಿ, ಫೆಬ್ರವರಿ. ಬೇಗ ಹೇಳಿ ಅಂತ ಅಭ್ಯರ್ಥಿಗಳ ಮೇಲೆ ಒತ್ತಡ ಹಾಕಬಾರದು ಅಂತ, ಫೆಬ್ರವರಿ 15ರವರೆಗೆ ಯೋಚಿಸಲು ಬಿಡುವ ಒಪ್ಪಂದವನ್ನು ಅಮೆರಿಕದ ಖಗೋಳ ಸಂಘ ಬೆಂಬಲಿಸುತ್ತದೆ. ಅದೇ ಸಂಘದ ಉದ್ಯೋಗ ಪಟ್ಟಿಯಲ್ಲಿ ಬೇರೆ ದೇಶಗಳ ಹುದ್ದೆಗಳೂ ಬರುತ್ತವೆ.

ಶಿಫಾರಸು ಪತ್ರ ಯಾರಿಂದ ಬರೆಸಬೇಕು?

ನಿಮ್ಮ ಕೆಲಸ ಹತ್ತಿರದಿಂದ ನೋಡಿದವರಿಂದ. ದೊಡ್ಡ ಹೆಸರಿನವರ ನಾಲ್ಕು ಸಾಲಿಗಿಂತ ಗೊತ್ತಿರುವವರ ಎರಡು ಪುಟ ಮೇಲು. ಕನಿಷ್ಠ ಒಂದು ತಿಂಗಳು ಮುಂಚೆ ಕೇಳಿ, ಕೊನೆಯ ವಾರ ನೆನಪಿಸಿ. ನೆನಪಿಸಿದರೆ ಬೇಜಾರಾಗುತ್ತಾರೆ ಅಂತ ಹೆದರಬೇಡಿ. ಈಗ ನಾನೂ ಪತ್ರ ಬರೆಯುವ ಕಡೆ ಇದ್ದೇನೆ, ನೆನಪಿಸದಿದ್ದರೆ ಮರೆತೇಬಿಡುತ್ತೇನೆ.

ಮದುವೆ, ಮನೆ, ಮಕ್ಕಳು?

ಇದು ನಿಜವಾದ ಕಷ್ಟ. ಎರಡು ಮೂರು ವರ್ಷಕ್ಕೊಮ್ಮೆ ದೇಶ ಬದಲಾದರೆ ಜೊತೆಯವರ ಕೆಲಸ ಏನಾಗಬೇಕು? ಇಬ್ಬರೂ ಸಂಶೋಧಕರಾದರೆ ಒಂದೇ ಊರಲ್ಲಿ ಎರಡು ಹುದ್ದೆ ಹುಡುಕಬೇಕು. ಇದನ್ನು ನಮ್ಮವರು ತಮಾಷೆಗೆ 'ಎರಡು ಕಾಯಗಳ ಸಮಸ್ಯೆ' ಅನ್ನುತ್ತಾರೆ. ಆಕಾಶದಲ್ಲಿ ಎರಡು ಕಾಯಗಳು ಒಂದನ್ನೊಂದು ಎಳೆಯುತ್ತಾ ಹೇಗೆ ಚಲಿಸುತ್ತವೆ ಎಂಬ ಸಮಸ್ಯೆಯನ್ನು ನ್ಯೂಟನ್ ಕಾಲದಲ್ಲೇ ಬಿಡಿಸಿಯಾಗಿದೆ, ಮೂರಾದರೆ ಮಾತ್ರ ಕಗ್ಗಂಟು. ಮಗು ಹುಟ್ಟಿದವರು ಇದಕ್ಕೆ ನಗುತ್ತಾರೆ. ನಾವು ಮೂರು ವರ್ಷ ಬೇರೆ ಬೇರೆ ದೇಶದಲ್ಲಿದ್ದೆವು. ಅದನ್ನು ತ್ಯಾಗ ಅಂತ ಹೊಗಳುವವರನ್ನು ಕಂಡರೆ ಈಗಲೂ ಸಿಟ್ಟು ಬರುತ್ತದೆ. ಅದು ವ್ಯವಸ್ಥೆಯ ದೋಷ.

ಕೊನೆಗೂ ಕಾಯಂ ಕೆಲಸ ಸಿಗದಿದ್ದರೆ?

ಬಹಳ ಜನರಿಗೆ ಸಿಗುವುದಿಲ್ಲ. ಪಿಎಚ್‌.ಡಿ ಮುಗಿಸುವವರ ಸಂಖ್ಯೆಗಿಂತ ಕಾಯಂ ಹುದ್ದೆಗಳು ತುಂಬಾ ಕಡಿಮೆ. ಡೇಟಾ ವಿಶ್ಲೇಷಣೆ, ಸಾಫ್ಟ್‌ವೇರ್, ಉಪಗ್ರಹ ಚಿತ್ರಗಳು, ವಿಜ್ಞಾನ ಬರವಣಿಗೆ, ತಾರಾಲಯ, ಶಾಲೆ, ಹೀಗೆ ಎಲ್ಲ ಕಡೆ ನಮ್ಮವರಿದ್ದಾರೆ.

ಮೇಲೆ ಹೇಳಿದ ರಸೆಲ್ ಹಲ್ಸ್ ನೆನಪಿದ್ದಾರಾ? ಆ ಜೋಡಿ ಪಲ್ಸಾರ್ ಕಂಡುಹಿಡಿದ ಮೇಲೆ ಅವರು ಒಂದು ಪೋಸ್ಟ್‌ಡಾಕ್ ಮಾಡಿದರು. ಖಗೋಳದಲ್ಲಿ ಮುಂದೆ ಖಾತ್ರಿ ಕಾಣಲಿಲ್ಲ. 1977ರಲ್ಲಿ ಪ್ರಿನ್ಸ್‌ಟನ್‌ನ ಪ್ಲಾಸ್ಮಾ ಪ್ರಯೋಗಾಲಯಕ್ಕೆ ಹೋದರು. ನೊಬೆಲ್ ಬಂದಾಗ ಅವರು ಖಗೋಳ ಬಿಟ್ಟು ಹದಿನಾರು ವರ್ಷವಾಗಿತ್ತು. ಬಿಟ್ಟವರನ್ನು ಸೋತವರು ಅನ್ನುವ ಹಿರಿಯರಿಗೆ ನಾನು ಈ ಕಥೆ ಹೇಳುತ್ತೇನೆ. ಸಾಮಾನ್ಯವಾಗಿ ವಿಷಯ ಬದಲಾಯಿಸುತ್ತಾರೆ.

ನನ್ನ ರಾಶಿ ನೋಡಿ ಭವಿಷ್ಯ ಹೇಳುತ್ತೀರಾ?

ಹೇಳಲು ಬರುವುದಿಲ್ಲ. ಬೇಕಾದರೆ, ಪ್ರತಿ ವರ್ಷ ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ ಸೂರ್ಯ ಹನ್ನೆರಡು ರಾಶಿಗಳಲ್ಲಿ ಇಲ್ಲದ ಉರಗಧರ ಎಂಬ ನಕ್ಷತ್ರಪುಂಜದಲ್ಲಿ ಇರುತ್ತಾನೆ ಅಂತ ಹೇಳಬಲ್ಲೆ.

ನಮ್ಮ ಮಗಳಿಗೆ ಆಕಾಶ ಅಂದರೆ ಹುಚ್ಚು. ಈಗಲೇ ಏನು ಮಾಡಿಸಬೇಕು?

ದುಬಾರಿ ಟೆಲಿಸ್ಕೋಪ್ ಕೊಡಿಸಬೇಡಿ. ಒಂದು ನೋಟ್‌ಬುಕ್ ಕೊಡಿ. ಪರ್ಸಿಯಸ್ ನಕ್ಷತ್ರಪುಂಜದಲ್ಲಿ ಆಲ್ಗಾಲ್ ಅಂತ ಒಂದು ನಕ್ಷತ್ರ ಇದೆ, ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದು ಮಂಕಾಗುತ್ತದೆ, ಕೆಲವು ಗಂಟೆಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಜಾನ್ ಗುಡ್‌ರಿಕ್ ಎಂಬ ಕಿವಿ ಕೇಳದ ಹುಡುಗ 1782ರಲ್ಲಿ ಇದನ್ನು ರಾತ್ರಿ ರಾತ್ರಿ ನೋಡಿ ಬರೆದಿಟ್ಟ. ಆಗ ಅವನಿಗೆ 18 ವರ್ಷ. ಕಾಣದ ಯಾವುದೋ ಕಾಯ ಅದಕ್ಕೆ ಅಡ್ಡ ಬರುತ್ತಿರಬಹುದು ಅಂತ ಮರುವರ್ಷ ಹೇಳಿದ. ಅವನ ಊಹೆ ಸರಿಯಾಗಿತ್ತು.

ಮಗಳು ದಿನಾ ಆ ನಕ್ಷತ್ರ ನೋಡಿ, ಪಕ್ಕದ ನಕ್ಷತ್ರಗಳಿಗೆ ಹೋಲಿಸಿ, ಎಷ್ಟು ಹೊಳೆಯುತ್ತಿದೆ ಅಂತ ಬರೆಯಲಿ. ಎರಡು ತಿಂಗಳಲ್ಲಿ ಅವಧಿ ತಾನೇ ಲೆಕ್ಕ ಹಾಕುತ್ತಾಳೆ. ಹೊತ್ತು ಬರೆಯುವಾಗ ರಾತ್ರಿ ಹನ್ನೆರಡು ದಾಟಿದರೆ ತಾರೀಖು ಬದಲಾಯಿಸುವುದನ್ನು ಮರೆಯಬಾರದು ಅಂತ ಮಾತ್ರ ಮೊದಲೇ ಹೇಳಿಬಿಡಿ.